ಇದ್ಯಾರ ಸೀರೆ ಉಟ್ಕೊಂಡಿದೀನೋ ನಾನು?

ಹೊಟ್ಟೆ ಉರಿಯುತ್ತಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳಲೇಬೇಕು.

ಕಳೆದ ತಿಂಗಳು ಅಪ್ಪನ ಅರವತ್ತರ ಶಾಂತಿ ಆಯಿತು. ಫೋಟೋಗಳನ್ನು ಮನೆಯಲ್ಲೇ ಪ್ರಿಂಟ್ ಹಾಕಿ ಆಲ್ಬಂ ಮಾಡಿಕೊಡೋಣ ಅನ್ನುವ ಹುಚ್ಚು ನನಗೆ. ಅದಕ್ಕೆಂದೇ ಹೊಸ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆ. ಡಬ್ಬದ ಮೇಲೆ ಗಿಳಿ, ಹೂವು, ನಗುವ ಮಗು. ಸ್ಟುಡಿಯೋದಂಥ ಫೋಟೋ ಮನೆಯಲ್ಲೇ ಅಂತೆ!

ಮೊದಲು ಹಾಕಿದ್ದು ಅಮ್ಮನ ಫೋಟೋ. ಅವತ್ತು ಉಟ್ಟಿದ್ದು ಸೀರೆ ಅಂಗಡಿಯವರು ಎಂ.ಎಸ್. ಬ್ಲೂ ಅನ್ನುತ್ತಾರಲ್ಲ, ಸುಬ್ಬುಲಕ್ಷ್ಮಿಯವರ ಹೆಸರಿನ ಆ ನೀಲಿ. ಅಂಗಡಿಯಲ್ಲಿ ನಲವತ್ತು ಸೀರೆ ಬಿಡಿಸಿ ಹಾಕಿಸಿ ಆರಿಸಿದ್ದು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಇತ್ತು. ಪ್ರಿಂಟರ್‌ನಿಂದ ಹೊರಗೆ ಬಂದದ್ದು ನೇರಳೆಹಣ್ಣು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾರ ಸೀರೆ ಉಟ್ಕೊಂಡಿದೀನೋ ನಾನು?" ಅಂದರು. ಫೋಟೋದಲ್ಲಿ ಪಕ್ಕದಲ್ಲಿದ್ದ ಅಪ್ಪನ ಮುಖ ಟೊಮೆಟೊ.

ಇಂಕ್ ಕಟ್ಟಿಕೊಂಡಿರಬೇಕು ಅಂದುಕೊಂಡೆ. ಇಂಕ್ ಚಿಮ್ಮುವ ತೂತುಗಳನ್ನು ಪರೀಕ್ಷಿಸುವ ನಾಝಲ್ ಚೆಕ್ ಮಾಡಿದೆ, ಪ್ರಿಂಟಾದ ಗೆರೆಗಳೆಲ್ಲ ಸರಿಯಾಗೇ ಇದ್ದವು. ಆದರೂ ಮೂರು ಸಲ ಹೆಡ್ ಕ್ಲೀನಿಂಗ್ ಕೊಟ್ಟೆ. ಕ್ಲೀನಿಂಗ್ ಅಂದರೆ ಬೇರೇನೂ ಅಲ್ಲ, ದುಡ್ಡು ಕೊಟ್ಟು ತಂದ ಇಂಕನ್ನು ಎಳೆದು ಒಳಗಿರುವ ಪ್ಯಾಡಿಗೆ ಕುಡಿಸುವುದು. ಇದು ಗೊತ್ತಾದದ್ದು ಆಮೇಲೆ. ಸಹಾಯವಾಣಿಗೆ ಫೋನ್ ಮಾಡಿದರೆ ಆ ಹುಡುಗ, "ನಮ್ಮದೇ ಪೇಪರ್ ಬಳಸಿ ಸರ್" ಅಂದ. ಸ್ವಾಮಿ, ಬಳಸುತ್ತಿರುವುದೇ ನಿಮ್ಮ ಪೇಪರ್! "ಹಾಗಾದ್ರೆ ಇನ್ನೊಂದ್ಸಲ ಹೆಡ್ ಕ್ಲೀನಿಂಗ್ ಮಾಡಿ ಸರ್."

ನಾಲ್ಕು ರಾತ್ರಿ ನಿದ್ದೆಗೆಟ್ಟು ನಾನೇ ಕಂಡುಕೊಂಡೆ. ಬಣ್ಣ ಬದಲಾಯಿಸುವ ಕೆಲಸವನ್ನು ಇಬ್ಬರು ಮಾಡುತ್ತಿದ್ದರು. ಫೋಟೋ ಸಾಫ್ಟ್‌ವೇರ್ ಒಂದು ಸಲ ತಿದ್ದಿ ಕಳಿಸುತ್ತದೆ. ಪ್ರಿಂಟರ್‌ನ ಡ್ರೈವರ್, ಅಂದರೆ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್, ಅದನ್ನೇ ಇನ್ನೊಂದು ಸಲ ತಿದ್ದುತ್ತದೆ. ಅತ್ತೆ ಉಪ್ಪು ಹಾಕಿದ ಸಾರಿಗೆ ಸೊಸೆಯೂ ಉಪ್ಪು ಹಾಕಿದ ಹಾಗೆ. ಎರಡರಲ್ಲಿ ಒಂದನ್ನು ಸುಮ್ಮನಿರಿಸಬೇಕು. ಆ ಆಯ್ಕೆ ಎಲ್ಲಿದೆ? ಸೆಟ್ಟಿಂಗ್ಸ್‌ನ ಮೂರನೇ ಪುಟದಲ್ಲಿ, ಒಂದು ಚಿಕ್ಕ ಬಟನ್ನಿನ ಹಿಂದೆ. ಇಷ್ಟು ಮುಖ್ಯವಾದದ್ದನ್ನು ಅಷ್ಟು ಒಳಗೆ ಯಾಕೆ ಬಚ್ಚಿಟ್ಟಿದ್ದೀರಿ?

ಅದನ್ನು ಸರಿಮಾಡಿದ ಮೇಲೆ ಅಪ್ಪನ ಕೆಂಪು ಇಳಿಯಿತು. ಆದರೆ ಈಗ ಅಪ್ಪ ಬೆಳ್ಳಗಾಗಿಬಿಟ್ಟರು! ನಮ್ಮಪ್ಪ ಎಣ್ಣೆಗೆಂಪು ಬಣ್ಣದವರು. ಫೋಟೋವನ್ನು ತಾನೇ ಚೆಂದ ಮಾಡುವ ಇನ್ನೊಂದು ಆಯ್ಕೆಗೆ ಮೊದಲೇ ಟಿಕ್ ಹಾಕಿಟ್ಟಿದ್ದರು. ಮುಖ ಕಂಡರೆ ಸಾಕು, ಬೆಳಗಿಸಿಬಿಡುತ್ತದೆ. ನಮ್ಮಪ್ಪನಿಗೆ ಫೇರ್‌ನೆಸ್ ಕ್ರೀಂ ಹಚ್ಚಿ ಅಂತ ನಿಮಗೆ ಹೇಳಿದ್ದು ಯಾರು? ಇದಕ್ಕೆ ಬಂದಷ್ಟು ಸಿಟ್ಟು ನನಗೆ ಸೀರೆಗೂ ಬಂದಿರಲಿಲ್ಲ.

ಸೀರೆಯ ಕಥೆ ಇನ್ನೂ ಮುಗಿದಿಲ್ಲ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಪ್ರಿಂಟರ್‌ನಲ್ಲಿ ಇರುವುದು ಸಯಾನ್ (ಹಸಿರು ಬೆರೆತ ತಿಳಿನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು. ಅಪ್ಪಟ ನೀಲಿ ಇಂಕೇ ಇಲ್ಲ! ಸಯಾನ್ ಜೊತೆ ಮಜೆಂಟಾ ಬೆರೆಸಿ ನೀಲಿ ಮಾಡಬೇಕು. ಮಜೆಂಟಾ ಸ್ವಲ್ಪ ಜಾಸ್ತಿ ಆಯಿತೋ, ನೇರಳೆ. ಪರದೆ ತೋರಿಸುವ ಕೆಲವು ನೀಲಿಗಳು ಈ ನಾಲ್ಕು ಇಂಕಿಗೆ ಎಟುಕುವುದೇ ಇಲ್ಲ. ಸರಿ, ಪ್ರಕೃತಿ ನಿಯಮ, ಒಪ್ಪಿಕೊಳ್ಳೋಣ. ಅದನ್ನು ಡಬ್ಬದ ಮೇಲೆ ಒಂದು ಸಾಲು ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು? ಗಿಳಿಯ ಚಿತ್ರ ಸ್ವಲ್ಪ ಚಿಕ್ಕದಾಗುತ್ತಿತ್ತು, ಅಷ್ಟೇ ಅಲ್ವಾ?

ಇದಕ್ಕೆಲ್ಲ ಐಸಿಸಿ ಪ್ರೊಫೈಲ್ ಬೇಕಂತೆ. ಕ್ರಿಕೆಟ್ಟಿನ ಐಸಿಸಿ ಅಲ್ಲ, ಬಣ್ಣಗಳ ಲೆಕ್ಕಕ್ಕೂ 1993ರಿಂದ ಒಂದು ಐಸಿಸಿ ಇದೆ. ಯಾವ ಇಂಕು ಯಾವ ಕಾಗದದ ಮೇಲೆ ಹೇಗೆ ಕಾಣುತ್ತದೆ ಅನ್ನುವ ಪಟ್ಟಿ ಆ ಪ್ರೊಫೈಲ್. ಹುಡುಕಿದೆ. ದೊಡ್ಡ ಪ್ರಿಂಟರ್‌ಗಳಿಗೆ ಸಾಲುಸಾಲಾಗಿ ಇವೆ, ನನ್ನ ಬಡಪಾಯಿಗೆ ಇಲ್ಲ. ಪರದೆಯ ಬಣ್ಣ ಅಳೆದು ಸರಿಮಾಡುವ ಉಪಕರಣವೂ ಇದೆ. ಅದರ ಬೆಲೆ ನನ್ನ ಪ್ರಿಂಟರ್‌ಗಿಂತ ಜಾಸ್ತಿ. ಕುದುರೆಗಿಂತ ಲಗಾಮು ದುಬಾರಿ.

ಆದದ್ದಾಗಲಿ ಅಂತ ಪರದೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿದೆ. ಮಜೆಂಟಾ ಇಷ್ಟಿಷ್ಟೇ ಕಮ್ಮಿ ಮಾಡುತ್ತ ಒಂದೊಂದೇ ಹಾಳೆ ತೆಗೆದೆ. ಹನ್ನೊಂದನೆಯ ಹಾಳೆಗೆ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಸೀರೆ ಸಿಕ್ಕಿತು! ಕುಣಿದುಬಿಟ್ಟೆ. ಬೆಳಿಗ್ಗೆ ಜಗಲಿಗೆ ತಂದು ಬಿಸಿಲಲ್ಲಿ ನೋಡಿದರೆ ಬೇರೆಯದೇ ನೀಲಿ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ರಾತ್ರಿಯೆಲ್ಲ ಒಣಗಿದ ಮೇಲೆ ಇಂಕೂ ಒಂದಿಷ್ಟು ಬದಲಾಗುತ್ತದೆ. ಅಂದರೆ ಬಿಸಿಬಿಸಿ ಪ್ರಿಂಟ್ ನೋಡಿ ಮಾಡಿದ ಅಷ್ಟೂ ತಿದ್ದುಪಡಿ ನೀರಲ್ಲಿ ಹೋಮ.

ಪೊಟ್ಟಣದಲ್ಲಿ ಒಂದೇ ಹಾಳೆ ಉಳಿದಿತ್ತು. ಅಪ್ಪ ಪೇಪರ್ ಓದುತ್ತಿದ್ದವರು ತಲೆ ಎತ್ತಿ, "ನಮ್ಮ ಮದುವೆ ಫೋಟೋ ಥರ ಬ್ಲ್ಯಾಕ್ ಅಂಡ್ ವೈಟ್ ಹಾಕಿಬಿಡೋ, ಬಣ್ಣದ ಗಲಾಟೆಯೇ ಇರಲ್ಲ" ಅಂದರು. ಎಷ್ಟು ಒಳ್ಳೆ ಮಾತು ಅನಿಸಿತು. ಹಾಕಿದೆ.

ಹಸಿರು ಬಂತು. ಪಾಚಿ ಕಟ್ಟಿದ ಹಾಗೆ, ಅಪ್ಪ ಅಮ್ಮ ಇಬ್ಬರೂ ತಿಳಿ ಹಸಿರು.