ಐವತ್ತು ರೂಪಾಯಿ ಉಳಿಸಿದ ಕಥೆ

ಕ್ರಿಸ್‌ಮಸ್ ಮುಗಿದರೂ ಬಾಗಿಲ ಸ್ಟಾರ್ ಇನ್ನೂ ಇಳಿಸಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ. ಕಾರಣ ಒಂದು ತುಂಡು ಓಯಸಿಸ್. ಅದೇ, ಹೂ ಸಿಕ್ಕಿಸ್ತಾರಲ್ಲ, ಆ ಹಸಿರು ಇಟ್ಟಿಗೆ.

ಈ ಸಲ ಚರ್ಚಿನ ಬಲಿಪೀಠದ ಅಲಂಕಾರ ನಮ್ಮ ಬೀದಿಯವರ ಪಾಲಿಗೆ ಬಂದಿತ್ತು. ಕಮಿಟಿಯವರು ಕೊಟ್ಟಿದ್ದು 2,500 ರೂಪಾಯಿ. ಡಿಸೆಂಬರಿನಲ್ಲಿ ಹೂವಿನ ರೇಟು ಗೊತ್ತಲ್ಲ? ಚಳಿಗೆ ಮಲ್ಲಿಗೆ ಬಿಡೋದೇ ಕಡಿಮೆ. ಧನುರ್ಮಾಸ ಅಂತ ದೇವಸ್ಥಾನಗಳಿಗೂ ಹೂ ಬೇಕು, ನಮಗೂ ಬೇಕು. ಆದರೆ ದುಡ್ಡಿನ ಪರ್ಸ್ ಹಿಡಿದವರು ನಮ್ಮ ದೊಡ್ಡಮ್ಮ. ಅವರು ಅದರಲ್ಲೂ ಉಳಿಸ್ತೀನಿ ಅಂತಲೇ ಹೊರಟಿದ್ದರು.

ಬೆಳಗಿನ ಜಾವ ಕೆ.ಆರ್. ಮಾರ್ಕೆಟ್. ಇಪ್ಪತ್ತರ ಕಟ್ಟಿನ ಗುಲಾಬಿ ಚೌಕಾಸಿಯಲ್ಲೇ ಅರ್ಧ ಗಂಟೆ ಹೋಯಿತು. ಆಮೇಲೆ ಜರ್ಬೆರಾ. ಒಂದೊಂದು ಹೂವಿಗೂ ಪ್ಲಾಸ್ಟಿಕ್ ಟೋಪಿ. "ಟೋಪಿ ತೆಗೆದು ಕೊಟ್ರೆ ಎಷ್ಟಪ್ಪಾ?" ಅಂದರು. "ಟೋಪಿ ಫ್ರೀ ಅಮ್ಮಾ." "ಹಾಕಿರೋದು ಹೂವಿಗಾ, ನನಗಾ?" ಹೂವಿನವನು ಸುಸ್ತಾಗಿ ಹತ್ತು ರೂಪಾಯಿ ಬಿಟ್ಟ. ಸರ್ವೆ ಸೊಪ್ಪು, ಸಿಲ್ವರ್ ಓಕ್ ಎಲೆ ಪಕ್ಕದ ಕಾಂಪೌಂಡಿನದ್ದು, ಪುಕ್ಕಟೆ.

ಅಷ್ಟರವರೆಗೆ ಎಲ್ಲ ಸರಿ. ಚರ್ಚಿಗೆ ಬಂದ ಮೇಲೆ ದೊಡ್ಡಮ್ಮ ಚೀಲದಿಂದ ಹೋದ ವರ್ಷದ ಓಯಸಿಸ್ ತೆಗೆದರು. ಜರಡಿ ಥರ ತೂತು. ಹೊಸದು ಐವತ್ತು ರೂಪಾಯಿ ಒಳಗೇ ಸಿಗುತ್ತೆ ಅಂದೆ. "ನೀರಿಗೆ ಹಾಕಿದ್ರೆ ಸರಿಹೋಗತ್ತೆ ಬಿಡೇ."

ಸರಿಹೋಗಲ್ಲ. ಓಯಸಿಸ್ ಒಂದು ಸಲ ಒಣಗಿದರೆ ಮತ್ತೆ ನೀರು ಕುಡಿಯೋದು ಕಷ್ಟ. ಹೊಸದನ್ನೂ ನೀರ ಮೇಲೆ ಸುಮ್ನೆ ಬಿಡಬೇಕು, ತಾನಾಗಿ ಕುಡಿದು ಮುಳುಗುತ್ತೆ. ಅದುಮಿದರೆ ಒಳಗೆ ಗಾಳಿ ಉಳಿದು ಹೊಟ್ಟೆ ಒಣಗಿಯೇ ಇರುತ್ತೆ. ದೊಡ್ಡಮ್ಮ ಅದನ್ನು ಬಕೆಟ್ಟಿನಲ್ಲಿ ಎರಡೂ ಕೈಯಲ್ಲಿ ಅದುಮಿ ಹಿಡಿದರು. ಬಿಟ್ಟರು. ಮೇಲೆ ಬಂತು. ಮತ್ತೆ ಅದುಮಿದರು. ಮತ್ತೆ ಬಂತು. ಸೆರಗು ಸಿಕ್ಕಿಸಿಕೊಂಡು, ಯೇಸು ಹುಟ್ಟಿದ ಗೋದಲಿ ಕಟ್ಟೋಕೆ ತಂದಿಟ್ಟಿದ್ದ ಕಲ್ಲೊಂದನ್ನು ಎತ್ತಿ ಅದರ ತಲೆ ಮೇಲೆ ಹೇರಿದರು. ಕಲ್ಲು ಜಾರಿ ತಳಕ್ಕೆ ಹೋಯಿತು, ನೀರು ನನ್ನ ರೇಷ್ಮೆ ಸೀರೆಗೆ ಬಂತು. ಓಯಸಿಸ್ ಮಾತ್ರ ತೇಲುತ್ತಲೇ ಇತ್ತು. "ನೋಡು, ಕುಡೀತು" ಅಂದರು.

ಬೈಯೋಕೂ ಮನಸ್ಸು ಬರಲಿಲ್ಲ. ಅವರ ಹಳೇ ಮನೆ ಅಂಗಳದಲ್ಲಿ ಹಳದಿ ಸೇವಂತಿಗೆ ಬೇಲಿ ತುಂಬಾ ಬಿಡುತ್ತಿತ್ತು. ಹಬ್ಬದ ಹಿಂದಿನ ದಿನ ಕೊಯ್ದು, ಹಾರ್ಲಿಕ್ಸ್ ಬಾಟಲಿಗೆ ಇಟ್ಟರೆ ಅಲಂಕಾರ ಮುಗಿಯಿತು. ಹೂವಿಗೆ ದುಡ್ಡು ಕೊಡೋದು ಅಂದರೆ ಅವರಿಗೆ ಈಗಲೂ ಸಂಕಟ. ಆ ಅಂಗಳದಲ್ಲಿ ಈಗ ಮೂರು ಕಾರು ನಿಲ್ಲುತ್ತವೆ.

ರಾತ್ರಿ ಪೂಜೆಯಲ್ಲಿ ಮಹಿಮೆ ಗೀತೆ ಶುರುವಾಯಿತು, ಗಂಟೆ ಬಾರಿಸಿದರು. ಅಲ್ಲಿ ಜರ್ಬೆರಾಗಳು ಒಂದೊಂದಾಗಿ ತಲೆ ಬಗ್ಗಿಸತೊಡಗಿದವು. ಅದರ ದಂಟು ಮೊದಲೇ ಮೆತ್ತಗೆ, ನೀರು ಸಿಗದಿದ್ದರೆ ಕೇಳಬೇಕಾ? ಉಪದೇಶ ಮುಗಿಯುವಷ್ಟರಲ್ಲಿ ಒಂದಾದರೂ ನೆಟ್ಟಗಿರಲಿಲ್ಲ. ಫಾದರ್ ಕೊನೆಗೆ, "ಹೂಗಳೂ ಬಾಲಯೇಸುವಿಗೆ ತಲೆ ಬಾಗಿವೆ" ಅಂದುಬಿಟ್ಟರು! ಜನ ಚಪ್ಪಾಳೆ ತಟ್ಟಿದರು. ದೊಡ್ಡಮ್ಮ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದಕ್ಕೇ ಈ ಸಿಟ್ಟು.

ಉಳಿದ 640 ರೂಪಾಯಿ ಕಮಿಟಿಗೆ ವಾಪಸ್ ಕೊಟ್ಟರು. ಈಸ್ಟರ್ ಅಲಂಕಾರವೂ ಇನ್ನು ಅವರದ್ದೇ. ಲಿಲ್ಲಿ ರೇಟು ಈಗಲೇ ವಿಚಾರಿಸಿದ್ದಾರೆ. ವಾರ ಮುಂಚೆ ಕೊಂಡರೆ ಅಗ್ಗವಂತೆ, ಫ್ರಿಜ್ಜಿನಲ್ಲಿ ಇಟ್ಟರಾಯಿತಂತೆ.

ಫ್ರಿಜ್ಜು ನಮ್ಮನೇದು.