ಹುಣಸಿ ಗಿಡದ ಪಗಾರ

ಧಾರವಾಡದ ನಮ್ಮ ಓಣಿಯ ತುದಿಗೆ ಒಂದು ಹುಣಸಿ ಗಿಡ ಇತ್ತು. ಮೂರು ಮಂದಿ ಕೈ ಹಿಡಿದರೂ ತಬ್ಬಲಾಗದಷ್ಟು ದಪ್ಪ. ನಮ್ಮ ಕಡೆ ಅದಕ್ಕೂ ಗಿಡ ಅಂತಲೇ ಹೆಸರು. ಅದರ ಕೆಳಗೆ ಕಾಕಾನ ಚಹಾದಂಗಡಿ.

ಒಂದು ದಿನ ಇಬ್ಬರು ಬಂದರು. ಒಬ್ಬರ ಕೈಯಲ್ಲಿ ಟೇಪು, ಇನ್ನೊಬ್ಬರ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ಗಿಡದ ಸುತ್ತಳತೆ ತಗೊಂಡರು, 14 ಅಂತ ನಂಬರ್ ಬರೆದರು, ಅದರ ನೆರಳಲ್ಲೇ ಕೂತು ಚಹಾ ಕುಡಿದರು.

"ಸಾಹೇಬ್ರ, ಇದರ ಕಿಮ್ಮತ್ತು ಎಷ್ಟ್ರಿ?" ಕಾಕಾ ಕೇಳಿದ.

"ಕಟ್ಟಿಗಿ ಲೆಕ್ಕದಾಗ ಹನ್ನೆರಡ ಸಾವಿರ ಬಂದ್ರ ಪುಣ್ಯಾ."

ನನಗೆ ಸುಮ್ನೆ ಇರಲಾಗಲಿಲ್ಲ. ದಿನಾ ಪೇಪರ್ ಓದುವವರ ರೋಗ ಇದು. ಸುಪ್ರೀಂ ಕೋರ್ಟ್ ನೇಮಿಸಿದ್ದ ತಜ್ಞರ ಸಮಿತಿ ಒಂದು ಗಿಡಕ್ಕೆ ವರ್ಷಕ್ಕೆ 74,500 ರೂಪಾಯಿ ಬೆಲೆ ಕಟ್ಟಿದ ಸುದ್ದಿ 2021ರಲ್ಲಿ ಬಂದಿತ್ತು. ಅದರಲ್ಲಿ ಆಮ್ಲಜನಕಕ್ಕೇ 45,000. ಗೊಬ್ಬರಕ್ಕೆ 20,000. ಗಿಡದ ವಯಸ್ಸಿನಿಂದ ಗುಣಿಸಿದರೆ ಆಯ್ತು. ನೂರು ದಾಟಿದ ಹಿರಿಯ ಗಿಡಕ್ಕೆ ಕೋಟಿ ಮೇಲೂ ಆಗಬಹುದು. ನಮ್ಮದಕ್ಕೆ 60 ವರ್ಷ ಅಂತ ಹಿಡಿದರೂ 44 ಲಕ್ಷ 70 ಸಾವಿರ! ಹೇಳಿಯೇಬಿಟ್ಟೆ.

ಟೇಪಿನ ಸಾಹೇಬರು ಕಪ್ಪು ಕೆಳಗಿಟ್ಟು ಗಿಡವನ್ನು ಮೇಲಿಂದ ಕೆಳಗೆ ನೋಡಿದರು. "ಅಷ್ಟ ರೊಕ್ಕಾ ಯಾರ್ ಕೊಡ್ತಾರ್ರಿ?"

ಪ್ರಶ್ನೆ ಸರಿಯಾದದ್ದೇ. 1997ರಲ್ಲಿ ಕೆಲವು ವಿಜ್ಞಾನಿಗಳು ಇಡೀ ಭೂಮಿಯ ಲೆಕ್ಕವನ್ನೇ ಹಾಕಿದ್ದರು. ಪ್ರಕೃತಿ ನಮಗೆ ಮಾಡಿಕೊಡುವ ಕೆಲಸದ ಬೆಲೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್. ಜಗತ್ತಿನ ಎಲ್ಲ ದೇಶಗಳ ವರ್ಷದ ಗಳಿಕೆ ಸೇರಿಸಿದರೆ ಆಗ ಸುಮಾರು 18 ಲಕ್ಷ ಕೋಟಿ. ಅಂದರೆ ಎಲ್ಲರೂ ಸೇರಿ ದುಡಿದದ್ದನ್ನೆಲ್ಲ ಸುರಿದರೂ ಬಿಲ್ ಚುಕ್ತಾ ಆಗುವುದಿಲ್ಲ. ಪೂರಾ ಉದ್ರಿ. ಕಾಕಾನ ಅಂಗಡಿಯಲ್ಲಾದರೆ 'ಉದ್ರಿ ಕೇಳಬೇಡಿ' ಅಂತ ಬೋರ್ಡ್ ಇದೆ. ಗಿಡಕ್ಕೆ ಬೋರ್ಡ್ ಬರೆಸಲು ಬರಲಿಲ್ಲ.

ಮನೆಗೆ ಬಂದು ಇನ್ನೊಂದು ಲೆಕ್ಕ ಹಾಕಿದೆ. 74,500ನ್ನು 365ರಿಂದ ಭಾಗಿಸಿದರೆ ದಿನಕ್ಕೆ 204 ರೂಪಾಯಿ. ಉದ್ಯೋಗ ಖಾತ್ರಿಯ ಕೂಲಿಗಿಂತ ಕಡಿಮೆ! ರವಿವಾರದ ರಜೆ ಇಲ್ಲ, ತುಟ್ಟಿಭತ್ಯೆ ಇಲ್ಲ, ಪಗಾರ ಆಗಲಿಲ್ಲ ಅಂತ ಒಂದು ದಿನ ನೆರಳು ಬಂದ್ ಮಾಡಿದ್ದೂ ಇಲ್ಲ.

ಮರುದಿನ ಫಾರ್ಮ್ ಹಿಡಿದು ಮತ್ತೆ ಬಂದರು. ಗಿಡದಿಂದ ಏನೇನು ಲಾಭ, ಬರೆಯಬೇಕಂತೆ. ಹಣ್ಣು, ಬರೆದರು. ನೆರಳು, ಬರೆದರು. ಸಂಸ್ಕೃತಿ, ನಂಬಿಕೆ ಅನ್ನುವ ಖಾನೆ ಬಂತು. ತಮಾಷೆ ಅಲ್ಲ, ಪ್ರಕೃತಿಯ ಉಪಕಾರಗಳನ್ನು ನಾಲ್ಕು ಗುಂಪು ಮಾಡಿದ 2005ರ ಜಾಗತಿಕ ವರದಿಯಲ್ಲೂ ಅದು ಇದೆ.

"ದೆವ್ವ ಐತ್ರಿ," ಅಂದಳು ಎದುರು ಮನೆ ಅಜ್ಜಿ. "ನಾ ಲಗ್ನಾ ಆಗಿ ಬಂದಾಗಿಂದ ಐತಿ. ಅದರ ಅಂಜಿಕಿಗೇ ಹುಡುಗೂರು ದೀಪಾ ಹಚ್ಚೂದರಾಗ ಮನಿ ಸೇರತಿದ್ವು."

ಸಾಹೇಬರು ಪೆನ್ನು ಕಚ್ಚಿಕೊಂಡು ಯೋಚಿಸಿದರು. ದೆವ್ವ ಜಮೆಯೋ ಖರ್ಚೋ? ಕೊನೆಗೆ 'ಇತರೆ' ಅಂತ ಬರೆದರು.

ಗದಗಿನ ಕಪ್ಪತಗುಡ್ಡಕ್ಕೂ ಇಂಥ ಖಾನೆಗಳ ಕಾಟ ತಪ್ಪಿರಲಿಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶ ಅಂದರು. ಮರುವರ್ಷ ಅಲ್ಲ ಅಂದರು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಹೌದು ಅಂದರು. 2019ರಲ್ಲಿ ವನ್ಯಜೀವಿ ಧಾಮ ಆಯ್ತು. ಗುಡ್ಡ ಮಾತ್ರ ಕೂತಲ್ಲೇ ಕೂತಿತ್ತು. ಅದರ ಹೊಟ್ಟೆಯ ಚಿನ್ನಕ್ಕೆ ಗ್ರಾಮಿನ ರೇಟು ಇದೆ. ಬೆನ್ನ ಮೇಲಿನ ಔಷಧಿ ಗಿಡಕ್ಕೆ ಯಾವ ಪೇಟೆಯಲ್ಲಿ ಧಾರಣೆ ಕೇಳೋಣ?

ನಮ್ಮ ಗಿಡ ಒಂದು ಮುಂಜಾನೆ ಹೋಯ್ತು. ಲಿಲಾವಿನಲ್ಲಿ ಹನ್ನೊಂದು ಸಾವಿರ ಬಂತಂತೆ. "ಚಿಂತಿ ಮಾಡಬ್ಯಾಡ್ರಿ, ಒಂದಕ್ಕ ಹತ್ತ ಹಚ್ಚತೇವಿ" ಅಂತ ಮಾತು ಕೊಟ್ಟರು. ಹಚ್ಚಿದರು ಕೂಡ. ಸಮಿತಿಯ ಸೂತ್ರ ತೆಗೆದು ನೋಡಿದೆ. ಸಸಿಯ ವಯಸ್ಸು ಸೊನ್ನೆ. 74,500 ಗುಣಿಸು ಸೊನ್ನೆ, ಸೊನ್ನೆ. ಅಂಥವು ಹತ್ತು. ಸುತ್ತಲಿನ ಕಬ್ಬಿಣದ ಜಾಳಿಗೆಗಾದರೂ ಗುಜರಿಯಲ್ಲಿ ಬೆಲೆ ಇದೆ. ಹಾಗಾಗಿ ಮೊದಲ ವಾರದಲ್ಲೇ ಆರು ಜಾಳಿಗೆ ಕಾಣೆಯಾದವು. ಉಳಿದ ಕೆಲಸ ಆಡುಗಳು ಮುಗಿಸಿದವು.

ಕಾಕಾ ಈಗ ತಾಡಪತ್ರಿ ಕಟ್ಟಿಕೊಂಡಿದ್ದಾನೆ. ಮೊನ್ನೆ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಗಿಡ ಹೋತು, ದೆವ್ವ ಎಲ್ಲಿ ಹೋತು?"

"ಫೈಲಿನ್ಯಾಗ ಸೇರೇತಿ ತಮ್ಮಾ," ಅಂದಳು. "ಟೇಪ್ ಹಿಡದಾವ, ಬಣ್ಣಾ ಹಚ್ಚಿದಾವ, ಸಹಿ ಮಾಡಿದಾವ, ಮೂರೂ ಮಂದಿಗೆ ಬದಲಿ ಆತಂತ."