ವಿಜ್ಞಾನ ತರಗತಿಗೆ ವಿಆರ್ ಕನ್ನಡಕ ಬೇಕೆ?

ಪರ: ಶಾಲೆ ಕೊಡದಿದ್ದರೆ ಕೆಲವರಿಗೆ ಎಂದೂ ಸಿಗುವುದಿಲ್ಲ

ಹತ್ತನೇ ತರಗತಿಯ ಪುಸ್ತಕದಲ್ಲಿ ಹೃದಯದ ಚಿತ್ರ ನೋಡಿ. ಎಡ ಹೃತ್ಕರ್ಣ (ಮೇಲಿನ ಕೋಣೆ) ಇರುವುದು ಪುಟದ ಬಲಕ್ಕೆ. ‘ಎದುರಿಗೆ ನಿಂತವರ ಹೃದಯ ಅಂದುಕೊಳ್ಳಿ’ ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೂ ಪರೀಕ್ಷೆಯಲ್ಲಿ ಎಡದ ದ್ವಿದಳ, ಬಲದ ತ್ರಿದಳ ಕವಾಟಗಳು ಅದಲುಬದಲಾಗುತ್ತವೆ. ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕ ಹಾಕಿಕೊಂಡರೆ ಸುತ್ತಲೂ ದೃಶ್ಯವೇ, ತಲೆ ತಿರುಗಿಸಿದ ಕಡೆಯದ್ದು ಕಾಣುತ್ತದೆ. ಹಾಗೆ ಹೃದಯದೊಳಗೇ ಹೊಕ್ಕು, ಕತ್ತು ತಿರುಗಿಸಿ ಎಡ ಹೃತ್ಕುಕ್ಷಿಯ (ಕೆಳಗಿನ ಕೋಣೆಯ) ದಪ್ಪ ಗೋಡೆ ನೋಡಿದ ಮಗುವಿಗೆ ಎಡ-ಬಲದ ಗೊಂದಲ ಉಳಿಯುವುದು ಕಷ್ಟ.

ಉಳ್ಳವರ ಆಟಿಕೆ ಅನ್ನುತ್ತಾರೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಮಗುವಿಗೆ ಅಪ್ಪ ತಂದುಕೊಟ್ಟಾರು. ಪೀಣ್ಯದ ಗಾರ್ಮೆಂಟ್ಸ್ ಕಾರ್ಮಿಕರ ಮಗಳಿಗೆ ಶಾಲೆ ಬಿಟ್ಟು ಬೇರೆ ದಾರಿ ಇಲ್ಲ. ಷರತ್ತು ಒಂದೇ: ಸಾಧನ ಶಾಲೆಯದ್ದೇ ಆಗಿರಬೇಕು, ಮನೆಯಿಂದ ಫೋನ್ ತರಿಸಬಾರದು.

ದುಬಾರಿ ಹೆಡ್‌ಸೆಟ್ ಬೇಕಿಲ್ಲ. ರಟ್ಟಿನ ಡಬ್ಬಿ, ಎರಡು ಮಸೂರ, ಒಂದು ಹಳೆಯ ಫೋನ್ ಸಾಕು. ಆದರೆ ಫೋನಿನಲ್ಲಿ ಜೈರೊಸ್ಕೋಪ್ (ಫೋನ್ ಎತ್ತ ತಿರುಗಿತೆಂದು ಅರಿಯುವ ಬಿಡಿಭಾಗ) ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಅಗ್ಗದ ಎಷ್ಟೋ ಫೋನುಗಳಲ್ಲಿ ಇರುವುದಿಲ್ಲ, ಆಗ ತಲೆ ತಿರುಗಿಸಿದರೂ ದೃಶ್ಯ ಅಲ್ಲೇ ನಿಲ್ಲುತ್ತದೆ. ವಿಡಿಯೊ ಮೊದಲೇ ಇಳಿಸಿಕೊಂಡು ಫ್ಲೈಟ್ ಮೋಡಿಗೆ ಹಾಕಿ. 40 ಮಕ್ಕಳಿಗೆ ಐದು ಡಬ್ಬಿ, ಎರಡು ಪೀರಿಯಡ್ ಸೇರಿಸಿ 80 ನಿಮಿಷ. ಹತ್ತು ಮಕ್ಕಳ ನಾಲ್ಕು ಗುಂಪು, ಪ್ರತಿ ಗುಂಪಿಗೆ 20 ನಿಮಿಷ. ಇಬ್ಬರಿಗೊಂದು ಡಬ್ಬಿ: ಒಬ್ಬಳು ನೋಡುತ್ತಾ ಹೇಳಬೇಕು, ಇನ್ನೊಬ್ಬಳು ಬರೆದುಕೊಳ್ಳಬೇಕು. ಎಲ್ಲರೂ ಕೂತೇ ನೋಡಲಿ. ಕ್ಯಾಮೆರಾ ಓಡಾಡುವ ವಿಡಿಯೊ ಬೇಡ. ಕಣ್ಣಿಗೆ ಚಲನೆ ಕಂಡು, ಸಮತೋಲ ನೋಡಿಕೊಳ್ಳುವ ಒಳಕಿವಿಗೆ ಅದು ಗೊತ್ತಾಗದಿದ್ದರೆ ಹೊಟ್ಟೆ ತೊಳಸುತ್ತದೆ.

ವಿರೋಧ: ಇಪ್ಪತ್ತು ನಿಮಿಷದಲ್ಲಿ ನೋಡುವುದೆಷ್ಟು?

ಆ 20 ನಿಮಿಷವನ್ನು ಬಿಡಿಸಿ ನೋಡೋಣ. ಡಬ್ಬಿಗೆ ಇಬ್ಬರು, ಅಂದರೆ ತಲೆಗೆ ಹತ್ತು. ಅದರಲ್ಲಿ ಫೋನ್ ಕೂರಿಸುವುದು, ಚಿತ್ರ ಎರಡಾಗಿ ಕಂಡರೆ ಸರಿಪಡಿಸುವುದು, ಮದ್ರಾಸ್ ಐ ಹರಡುವ ದಿನಗಳಲ್ಲಿ ಕಣ್ಣಿಗೆ ತಾಗುವ ಅಂಚು ಒರೆಸುವುದು (ರಟ್ಟನ್ನು ಒರೆಸುವುದಾದರೂ ಹೇಗೆ?) ಎಲ್ಲ ಮುಗಿದ ಮೇಲೆ ಐದು ನಿಮಿಷ ಉಳಿದರೆ ಪುಣ್ಯ. ಮೇಷ್ಟ್ರು ಒಬ್ಬರೇ; ಉಳಿದ 30 ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಕಾಣುವುದಾದರೂ ಸ್ಪಷ್ಟವೇ? 4ಕೆ ವಿಡಿಯೊದ ಅಡ್ಡಸಾಲಿನಲ್ಲಿರುವ 3840 ಪಿಕ್ಸೆಲ್ (ಚಿತ್ರದ ಚುಕ್ಕೆಗಳು) ಸುತ್ತ 360 ಡಿಗ್ರಿಗೆ ಹಂಚಿಹೋಗುತ್ತವೆ. ಕಣ್ಣೆದುರಿನ 90 ಡಿಗ್ರಿಗೆ ಸಿಗುವುದು 960 ಮಾತ್ರ, ಅದನ್ನೂ ಮಸೂರ ಹಿಗ್ಗಿಸುತ್ತದೆ. ಫೋನ್ ಕಾದರೆ ಪರದೆ ತಾನೇ ಮಂಕಾಗುತ್ತದೆ. ಅಗ್ಗದ ಜೈರೊಸ್ಕೋಪಿನಲ್ಲಿ ದೃಶ್ಯ ಮೆಲ್ಲಗೆ ಒಂದು ಕಡೆ ಜಾರುತ್ತದೆ, ಮಗು ಗೊತ್ತಿಲ್ಲದೆ ಕತ್ತು ತಿರುಗಿಸುತ್ತಾ ಹೋಗುತ್ತದೆ. ಮಾಲುಗಣ್ಣಿನ ಮಗುವಿಗೆ ಆಳ ಕಾಣುವುದೇ ಕಷ್ಟ. ನಿರೂಪಣೆ ಬಹುಪಾಲು ಇಂಗ್ಲಿಷಿನಲ್ಲಿ. ‘ಹೃತ್ಕುಕ್ಷಿ’ ಕಲಿತ ಕನ್ನಡ ಮಾಧ್ಯಮದ ಹುಡುಗಿಗೆ ಅಲ್ಲಿ ಕೇಳಿಸುವುದು ‘ವೆಂಟ್ರಿಕಲ್’.

ಶಾಲೆಗಳಿಗೆಂದೇ ಮಾಡಿದ್ದ ವಿಆರ್ ಆ್ಯಪ್ ಗೂಗಲ್‌ ಎಕ್ಸ್‌ಪೆಡಿಷನ್ಸ್ 2021ರಲ್ಲಿ ನಿಂತುಹೋಯಿತು. ಅದನ್ನು ನಂಬಿ ಪಾಠ ಜೋಡಿಸಿಕೊಂಡಿದ್ದ ಮೇಷ್ಟ್ರುಗಳು ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಬೇಸಿಗೆ ರಜೆಯಲ್ಲಿ ಬೀರುವಿನೊಳಗೆ ಬಿದ್ದಿರುವ ಹಳೆಯ ಫೋನಿನ ಬ್ಯಾಟರಿ ಊದಿಕೊಳ್ಳುವ ಭಯ ಬೇರೆ.

ಇನ್ನು ‘ಮನೆಯಿಂದ ಫೋನ್ ತರಿಸಬಾರದು’ ಎಂಬ ಷರತ್ತು. ತರಗತಿಯಲ್ಲಿ ಸಮಯ ಸಾಲದಾಗ ವಾಟ್ಸ್ಯಾಪ್ ಗುಂಪಿಗೆ ಲಿಂಕ್ ಬರುತ್ತದೆ: ‘ಮನೆಯಲ್ಲಿ ಇನ್ನೊಮ್ಮೆ ನೋಡಿ.’ ಡೆಲಿವರಿ ಕೆಲಸದ ಅಪ್ಪ ಬರುವುದು ರಾತ್ರಿ ಹತ್ತಕ್ಕೆ, ಮನೆಗಿರುವ ಒಂದೇ ಫೋನ್ ಅವರ ಜೇಬಿನಲ್ಲಿ, ದಿನದ ಡೇಟಾ ಮ್ಯಾಪ್ ನೋಡುವುದರಲ್ಲೇ ಖರ್ಚಾಗಿರುತ್ತದೆ. ಕಾಗದದ ಮೇಲಿನ ಷರತ್ತು ಹೀಗೆ ತಾನಾಗಿ ಮುರಿಯುತ್ತದೆ.

ಹೃದಯವೇ ಬೇಕೆಂದರೆ ಮಟನ್ ಅಂಗಡಿಯಲ್ಲಿ ಕುರಿಯದ್ದು ಸಿಗುತ್ತದೆ. ಸೀಳದ ಹೃದಯವನ್ನೇ ಕೇಳಿ ತನ್ನಿ, ಅಂಗಡಿಯವರು ಅಭ್ಯಾಸಬಲದಿಂದ ಕತ್ತರಿಸಿಬಿಡುತ್ತಾರೆ. ತೊಳೆದು, ತಟ್ಟೆಯಲ್ಲಿಟ್ಟು, ಎರಡೂ ಬದಿ ಒತ್ತಿ ನೋಡಿದರೆ ಗಟ್ಟಿಯಾಗಿರುವುದೇ ಎಡಭಾಗ. ಅಲ್ಲಿ ತುದಿಯಿಂದ ಮೇಲಕ್ಕೆ ಸೀಳಿ, ಕವಾಟಕ್ಕೆ ಕಟ್ಟಿದ ಬಿಳಿ ದಾರಗಳನ್ನು ಚಿಮಟದಿಂದ ಎಳೆಯಿರಿ. ಮಾಂಸ ಮುಟ್ಟಲೊಲ್ಲದ ಮಕ್ಕಳು ಪಕ್ಕದಲ್ಲಿ ನಿಂತು ಚಿತ್ರ ಬರೆಯಲಿ, ಎಡಕ್ಕೆ ಎಡ ಎಂದೇ ಗುರುತು ಹಾಕಿ.